ಸುರಪುರದ ಅಕ್ಕನ ಕೈ

ನಮ್ಮ ಲ್ಯಾಬಿನ ರಕ್ತಪರೀಕ್ಷೆಯ ವರದಿಗಳೆಲ್ಲ ಯಾದಗಿರಿಯ ಎರಡು ಸರ್ವರ್‌ಗಳಲ್ಲಿರುತ್ತವೆ. ಶಹಾಪುರ, ಸುರಪುರದ ಶಾಖೆಗಳಿಂದ ಬರುವ ಕೆಲಸವನ್ನು ಆ ಎರಡಕ್ಕೂ ಹಂಚಲು ಮುಂದೊಂದು ಪ್ರಾಕ್ಸಿ ಇದೆ. ಅದನ್ನು ಕೂರಿಸಿದವನು ನಾನು. ಕೆಟ್ಟರೆ ಬೈಸಿಕೊಳ್ಳಬೇಕಾದವನೂ ನಾನೇ. ಆದರೆ ಬೈಸಿಕೊಂಡದ್ದು ಸುರಪುರದ ಕೌಂಟರಿನ ಅಕ್ಕ.

ದಿನಾ ನಾನು ಊಟಕ್ಕೆ ಕೂತಾಗಲೇ ಆಕೆಯ ಫೋನು. "ಸರ, ವರದಿ ತೆರಿಯವಲ್ದರಿ. ಇನ್ನೊಮ್ಮಿ ಒತ್ತಿದ್ರ ಬರ್ತದ." ಕೈತೊಳೆದು ಬಂದು ನೋಡಿದರೆ ಎಲ್ಲ ಸರಿಯಿರುತ್ತಿತ್ತು. ಲ್ಯಾಬಿನ ಮಾಲೀಕರು ಕಾರಣ ಕೇಳಿದಾಗ, "ಇಲ್ಲಿ ಎಲ್ಲಾ ಬರೋಬ್ಬರಿ ಅದರಿ, ಅಕ್ಕನ ಕೈನೇ ಸರಿ ಇಲ್ಲ" ಅಂದುಬಿಟ್ಟೆ.

"ಹಂಗಾದ್ರ ಸೋಮವಾರದಿಂದ ಆಕಿನ್ನ ಬಾಟಲಿ ತೊಳಿಯಾಕ ಹಾಕೂಣು. ನೀವ ಹೋಗಿ ಹೇಳಿ ಬರ್ರಿ" ಅಂದರು ಅವರು.

ಹೇಗೆ ಹೇಳುವುದೆಂದು ಬಸ್ಸಿನಲ್ಲಿ ಶಹಾಪುರದವರೆಗೆ ಯೋಚಿಸಿದೆ, ಆಮೇಲೆ ನಿದ್ದೆ ಹೋದೆ. ಸುರಪುರ ಮುಟ್ಟಿದಾಗ ಊಟದ ಹೊತ್ತು. ಅಕ್ಕ ಮಾತ್ರ ಕೆಲಸದಲ್ಲಿದ್ದಳು. ವರದಿ ಒತ್ತುವುದು, ಪ್ರಿಂಟು ತೆಗೆಯುವುದು, ಠಸ್ಸೆ ಹೊಡೆಯುವುದು, ಮತ್ತೆ ಒತ್ತುವುದು. ಒಂದೊಂದಕ್ಕೂ ಸರಿಯಾಗಿ ಐದು ಸೆಕೆಂಡು. ಮೂರನೆಯದಕ್ಕೆ ಎರರ್ ಬಂತು. ಯಾಕೆಂದು ನನಗೆ ತಿಳಿಯಲಿಲ್ಲ.

ಆಮೇಲೆ ಡಬ್ಬಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ನಾನು ಗಬಗಬ ತಿಂದು ಎದ್ದೆ.

"ಕುಂದರ್ರಿ ಸರ. ನಾ ಇನ್ನಾ ಉಣ್ಣಾಕತ್ತೀನಿ, ನೀವು ಎದ್ರ ಹ್ಯಾಂಗ?"

ಕೂತೆ. ಎಂಜಲುಗೈ ಒಣಗುತ್ತಿದ್ದಾಗ ತಲೆಗೆ ಹೊಳೆಯಿತು. ನನ್ನ ಸರ್ವರ್‌ಗಳೂ ಹೀಗೇ ಎದ್ದು ಹೋಗುತ್ತಿದ್ದವು. ಪ್ರತಿ ಸಲ ಸರ್ವರ್ ಜೊತೆ ಹೊಸ ಸಂಪರ್ಕ ಮಾಡುವ ಬದಲು ಇದ್ದುದನ್ನೇ ಅರವತ್ತು ಸೆಕೆಂಡು ತೆರೆದಿಡು ಎಂದು ಪ್ರಾಕ್ಸಿಗೆ ಹೇಳಿದ್ದೆ. ಸರ್ವರ್‌ಗಳಿಗೆ ಹೇಳಲು ಮರೆತಿದ್ದೆ. ಅವು ಐದು ಸೆಕೆಂಡು ಕೆಲಸ ಬರದಿದ್ದರೆ ಸಂಪರ್ಕ ಮುಚ್ಚುತ್ತಿದ್ದವು. ಮುಚ್ಚುವ ಗಳಿಗೆಗೇ ಅಕ್ಕ ಒತ್ತಿದ್ದು ಹೋಗಿ ಬೀಳುತ್ತಿತ್ತು. ಬೇರೆ ಹೊತ್ತಿನಲ್ಲಿ ಎಲ್ಲ ಶಾಖೆಗಳ ಗದ್ದಲದಲ್ಲಿ ಐದು ಸೆಕೆಂಡು ಖಾಲಿ ಸಿಗುತ್ತಿರಲಿಲ್ಲ. ಊಟದ ಹೊತ್ತಿಗೆ ದುಡಿಯುತ್ತಿದ್ದವಳು ಆಕೆ ಒಬ್ಬಳೇ. ನನಗೆ ನಾಚಿಕೆಯಾಯಿತು.

ಎಡಗೈಯಲ್ಲೇ ಲ್ಯಾಪ್‌ಟಾಪ್ ತೆರೆದು, ಸರ್ವರ್‌ಗಳಿಗೆ ಎಪ್ಪತ್ತೈದು ಸೆಕೆಂಡು ಕೊಟ್ಟೆ. ಪ್ರಾಕ್ಸಿ ಬಿಡುವ ತನಕ ಅವು ಏಳುವಂತಿಲ್ಲ. ಅಕ್ಕ ರೊಟ್ಟಿ ಮುರಿಯುತ್ತಲೇ ತನ್ನ ಲಯದಲ್ಲಿ "ಒತ್ರಿ... ಈಗ ಒತ್ರಿ" ಅನ್ನುತ್ತ ಹೋದಳು, ನಾನು ವರದಿ ಒತ್ತುತ್ತ ಹೋದೆ. ಒಂದೂ ತಪ್ಪಲಿಲ್ಲ.

"ಅಲ್ರಿ ಸರ, ಇಷ್ಟು ದೂರ ಯಾಕ ಬಂದಿದ್ರಿ?" ಎಂದು ಕೇಳಿದಳು.

ನಾನು ಮಾಲೀಕರಿಗೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. "ತಪ್ಪು ನಂದರಿ. ಅಕ್ಕನ ಕೈ ಗಡಿಯಾರ ಇದ್ದಂಗ ಅದ" ಅಂದೆ.

ಮಾಲೀಕರು, "ಹಂಗಾದ್ರ ಸೋಮವಾರದಿಂದ ಬಾಟಲಿ ಯಾರು ತೊಳೀಬೇಕು?" ಅಂದರು.

ಅಕ್ಕ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ನನ್ನ ಮುಖ ನೋಡಿದಳು. ನಾನು ಎದ್ದು ಹೋಗುವಂತಿರಲಿಲ್ಲ. ಆಕೆಯ ಊಟ ಇನ್ನೂ ಮುಗಿದಿರಲಿಲ್ಲ.