ಎಲ್ಲಿ ಸಿಕ್ಕಿತು ಎಂದು ಮೊದಲು ಕೇಳುತ್ತಿದ್ದವರು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವಿನಲ್ಲಿ ಸೀಳಿ ಎರಡಾಗಿತ್ತು. ಕಾಲೇಜಿನ ಲ್ಯಾಬಿನಲ್ಲಿ ಕಲ್ಲು ಒಡೆಯುವಾಗ ಸುತ್ತಿಗೆ ತಪ್ಪಿ ಬಿದ್ದದ್ದಂತೆ, ಆಮೇಲೆ ಅದು ಕೂಡಿ ಬೆಳೆಯಲೇ ಇಲ್ಲ. ಬೇರೆಯವರಾದರೆ ಮುಚ್ಚಿಟ್ಟುಕೊಳ್ಳುತ್ತಿದ್ದರೇನೋ. ಇವರು ಅದನ್ನೇ ಕೆಲಸಕ್ಕೆ ಹಚ್ಚಿದ್ದರು. ಯಾರಾದರೂ ಗುಡ್ಡೆಯಲ್ಲಿ ಸಿಕ್ಕಿದ ಬೆಣಚುಕಲ್ಲಿನ ಚೂರು ತಂದುಕೊಟ್ಟರೆ ಕಣ್ಣು ಮುಚ್ಚಿ, ಆ ಸೀಳಿಗೆ ಕಲ್ಲಿನ ಅಂಚನ್ನು ಆನಿಸಿ ಮೆಲ್ಲನೆ ಎಳೆಯುತ್ತಿದ್ದರು. ಅಂಚಿನಲ್ಲಿ ಎದ್ದ ಒಂದೊಂದು ಚಕ್ಕೆಯ ಗುರುತೂ ಉಗುರಿಗೆ ತಾಗಿ ಟಿಕ್ ಟಿಕ್ ಅನ್ನುವುದು ಎದುರಿಗೆ ಕೂತ ನಮಗೂ ಕೇಳುತ್ತಿತ್ತು.

ಊರಿಗೆಲ್ಲ ಅವರು ಅಟೆಂಡರಣ್ಣ. ಕಾಲೇಜಿನ ಭೂವಿಜ್ಞಾನದ ಲ್ಯಾಬಿಗೆ ಅಟೆಂಡರ್ ಆಗಿ ಸೇರಿ ಅಟೆಂಡರ್ ಆಗಿಯೇ ನಿವೃತ್ತರಾದವರು. ಹತ್ತನೇ ಕ್ಲಾಸಿನ ಆಚೆಗೆ ಓದಿದವರಲ್ಲ. ಕಲ್ಲಿನ ತಟ್ಟೆ ಒರೆಸುತ್ತ, ಚೀಟಿ ಅಂಟಿಸುತ್ತ, ಲೆಕ್ಚರರುಗಳು ಮಕ್ಕಳಿಗೆ ಹೇಳುವುದನ್ನು ಹಿಂದೆ ನಿಂತು ಕೇಳುತ್ತ ಕಲಿತದ್ದು. ಕಬ್ಬಿಣ ಕಾಣದ ಕಾಲದಲ್ಲಿ ನಮ್ಮ ಗುಡ್ಡೆಗಳ ಮೇಲೆ ಇದ್ದ ಜನ ಬೆಣಚುಕಲ್ಲನ್ನು ಒಡೆದು ಕೊಯ್ಯುವ, ಕೆರೆಯುವ ಹತಾರ ಮಾಡಿಕೊಳ್ಳುತ್ತಿದ್ದರಲ್ಲ, ಅದರ ಹುಚ್ಚು ಹಿಡಿದದ್ದೂ ಅಲ್ಲಿಯೇ. ಕೊನೆಕೊನೆಗೆ ಲೆಕ್ಚರರುಗಳೇ ಸಂಶಯ ಬಂದರೆ ಇವರ ಕೈಗೆ ಕಲ್ಲು ಕೊಟ್ಟು ತೀರ್ಪಿಗೆ ಕಾಯುತ್ತಿದ್ದರಂತೆ. ನಿವೃತ್ತಿಯ ಮೇಲೂ ಪ್ರತಿ ವರ್ಷ ಹೊಸ ಮಕ್ಕಳನ್ನು ಒಂದು ಶನಿವಾರ ಗಡಿನಾಡಿನ ವರ್ಕಾಡಿಯ ಅವರ ಮನೆಗೆ ಕರೆತರುವುದು ಕಾಲೇಜಿನವರ ಪದ್ಧತಿಯಾಗಿತ್ತು. ಜಗಲಿಯಲ್ಲಿ ಗೋಣಿ ಹಾಸಿ, ಕಲ್ಲು ಹರವಿ, ಡಿಗ್ರಿ ಓದುವ ಮಕ್ಕಳಿಗೆ ಇವರು ಪಾಠ ಹೇಳುವುದನ್ನು ನೋಡಬೇಕಿತ್ತು. ವರ್ಷದಲ್ಲಿ ಆ ಒಂದು ದಿನಕ್ಕಾಗಿಯೇ ಅವರು ಬದುಕಿದ್ದರು ಅಂದರೆ ಅವರ ಹೆಂಡತಿ, ನಮ್ಮೆಲ್ಲರ ಅತ್ತಿಗೆ, ಅಲ್ಲ ಎನ್ನಲಿಕ್ಕಿಲ್ಲ.

ಉಳಿದ ಶನಿವಾರಗಳು ನಮ್ಮಂಥವರಿಗೆ. ಕಲ್ಲು ಹೆಕ್ಕುವ ಹುಚ್ಚರು ನಮ್ಮ ಕಡೆ ಕಡಿಮೆ ಇಲ್ಲ ಮಾರಾಯ್ರೆ. ದುಬೈಯಿಂದ ರಜೆಯಲ್ಲಿ ಬಂದ ಒಬ್ಬರು ಒಂದು ಕಲ್ಲನ್ನು ಬಳೆಯ ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ತಂದಿದ್ದರು. ಎಲ್ಲಿ ಸಿಕ್ಕಿತು ಎಂದು ಅಟೆಂಡರಣ್ಣ ಕೇಳಿದರು. ಕಲ್ಲು ನೋಡುವ ಮೊದಲು ಅವರು ಕೇಳುವುದೇ ಅದನ್ನು. ಅಲ್ಲೇ, ಗುಡ್ಡೆಯಲ್ಲಿ ಎಂದರು ಬಂದವರು. ಯಾವ ಗುಡ್ಡೆ, ಯಾವ ಮಗ್ಗುಲು, ಮಣ್ಣಿನ ಮೇಲೆಯೋ ಒಳಗೋ, ಹತ್ತಿರ ಬೇರೆ ಚೂರು ಇತ್ತೋ, ಒಂದಕ್ಕೂ ಉತ್ತರ ಇಲ್ಲ. ಅಟೆಂಡರಣ್ಣ ಪೆಟ್ಟಿಗೆ ತೆರೆಯದೆ ಹಿಂದಕ್ಕೆ ಕೊಟ್ಟು, ಚಹಾ ಕುಡಿಸಿ ಕಳಿಸಿದರು. ಉತ್ತರ ಇದ್ದವರಿಗೂ ಹತ್ತರಲ್ಲಿ ಒಂಬತ್ತು ಸಲ ಸಿಗುತ್ತಿದ್ದದ್ದು ಒಂದೇ ತೀರ್ಪು, "ಒಳ್ಳೆ ಕಲ್ಲು. ತೆಂಗಿನ ಬುಡಕ್ಕೆ ಇಡಿ." ಸಿಟ್ಟು ಮಾಡಿದವರನ್ನು ಕೂರಿಸಿ ತಿಳಿಸಿ ಹೇಳುವರು: ಪೆಟ್ಟು ಒಂದಾದರೆ ದೇವರು ಹೊಡೆದದ್ದು, ಒಂದೇ ಬದಿಗೆ ಸಾಲಾಗಿ ಹತ್ತಾದರೆ ಮನುಷ್ಯ ಹೊಡೆದದ್ದು.

ಒಮ್ಮೆ ಒಂದು ಮನೆಯವರು ಅವರನ್ನು ದೇವರ ಕೋಣೆಗೆ ಕರೆದರು. ಜೊತೆಗೆ ನಾನೂ ಇದ್ದೆ. ಅಲ್ಲಿ ಅರಸಿನ ಕುಂಕುಮ ಹಚ್ಚಿಸಿಕೊಂಡು ಒಂದು ಸಿಡಿಲಿನ ಕಲ್ಲು ಕೂತಿತ್ತು. ಸಿಡಿಲಿನ ಜೊತೆ ನೆಲಕ್ಕೆ ಇಳಿಯುವ ಕಲ್ಲು ಅದು, ಅದಿದ್ದ ಮನೆಗೆ ಮತ್ತೆ ಸಿಡಿಲು ಬಡಿಯುವುದಿಲ್ಲ ಅಂತ ನಂಬಿಕೆ. ಅಟೆಂಡರಣ್ಣ ಕೈಕಾಲು ತೊಳೆದು ಬಂದು, ಅಪ್ಪಣೆ ಕೇಳಿ ಎತ್ತಿಕೊಂಡರು. ತಿಕ್ಕಿ ತಿಕ್ಕಿ ನಯ ಮಾಡಿದ ಕರಿಕಲ್ಲಿನ ಕೊಡಲಿ, ಸಾವಿರಾರು ವರ್ಷದ್ದು. ಕಾಲೇಜಿಗೆ ಕೊಡಿ ಅಂತ ಕೇಳುತ್ತಾರೆ ಅಂತ ನಾನು ಎಣಿಸಿದ್ದೆ. ಕೇಳಲಿಲ್ಲ. ಅಳತೆ ತೆಗೆದು, ಚಿತ್ರ ಬರೆದು, ಹಿಂದೆ ಅಜ್ಜನಿಗೆ ಅದು ಯಾವ ಗದ್ದೆಯ ಬದುವಿನಲ್ಲಿ ಸಿಕ್ಕಿತ್ತು ಅಂತ ಮನೆಯ ಹಿರಿಯರಿಂದ ಕೇಳಿ ಬರೆದುಕೊಂಡು, ಮತ್ತೆ ಮಣೆಯ ಮೇಲಿಟ್ಟು ಕೈ ಮುಗಿದರು. ಕೊಡಲಿ ಅಂತ ಗೊತ್ತಿದ್ದೂ ಕೈ ಮುಗಿದಿರಲ್ಲ ಅಂತ ನಾನು ದಾರಿಯಲ್ಲಿ ಕೆಣಕಿದೆ. ನಾಲ್ಕು ತಲೆಮಾರು ಅದನ್ನು ಕಾಪಾಡಿದ್ದಾರಲ್ಲ, ಅದಕ್ಕೆ ಮುಗಿದದ್ದು ಎಂದರು.

ನಾನು ಪೋಸ್ಟು ಹಂಚುವವಳು. ಆಗ ಬದಲಿ ಕೆಲಸ, ಕಾಯಂ ಆಗಿರಲಿಲ್ಲ. ಗಂಡ ತೀರಿಹೋಗಿದ್ದರು, ಇಬ್ಬರು ಮಕ್ಕಳು, ಆ ಕೆಲಸ ಬಿಟ್ಟರೆ ಬೇರೆ ಗತಿ ಇರಲಿಲ್ಲ. ಪೆನ್ಶನಿನ ಕಾಗದ ಕೊಡಲಿಕ್ಕೆ ಅಟೆಂಡರಣ್ಣನ ಮನೆಗೆ ಹೋಗಿ ಕಲ್ಲಿನ ಹುಚ್ಚು ಅಂಟಿಸಿಕೊಂಡು ಬಂದೆ. ಊರಿನಲ್ಲಿ ನನ್ನ ಬಾಯಿಗೆ ಹೆದರುವವರೇ ಜಾಸ್ತಿ. ಅವರು ಮಾತ್ರ, ನೀನು ಬಂದರೆ ರೇಡಿಯೋ ಬೇಡ ತಂಗೀ ಅಂತ ನಗುತ್ತಿದ್ದರು.

ನಾನು ದಿನಾ ದಾಟುವ ದಾರಿಯಲ್ಲಿ ಒಂದು ಪದವು ಇತ್ತು. ಪದವು ಅಂದರೆ ಕೆಂಪುಕಲ್ಲಿನ ಸಪಾಟು ಗುಡ್ಡೆ. ಒಂದು ಕಾಸರಕನ ಮರ ಬಿಟ್ಟರೆ ನೆರಳಿಲ್ಲ. ಮಳೆ ಬಿಟ್ಟ ಮೇಲೆ ಒಂದು ದಿನ ಅಲ್ಲಿ ಬಿಳಿ ಚೂರುಗಳು ಹೊಳೆಯುವುದು ಕಂಡಿತು. ಒಂದನ್ನು ತಂದು ತೋರಿಸಿದೆ. ಎಲ್ಲಿ ಎಂದರು, ಹೇಳಿದೆ. ಉಗುರು ಎಳೆದು ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡರು. ಆ ಸಂಜೆ ಅವರು ಪದವಿನ ಮೇಲೆ ಮೊಣಕಾಲೂರಿ ಮಗುವಿನ ಹಾಗೆ ಅಂಬೆಗಾಲಿಟ್ಟದ್ದನ್ನು ನಾನು ಮರೆಯಲಾರೆ. ಒಂದು ಕಡೆ ಬೆಣಚಿನ ಉಂಡೆ, ಸುತ್ತ ಅದರಿಂದ ಎದ್ದ ಚಕ್ಕೆಗಳು, ನಡುನಡುವೆ ಬೆರಳಿನಷ್ಟು ಸಣ್ಣ ಅಲಗುಗಳು. ಯಾರೋ ಇಲ್ಲಿ ಕೂತು ಕೆಲಸ ಮಾಡಿ ಎದ್ದುಹೋದದ್ದು, ಹಾಗೆಯೇ ಉಂಟು ಎಂದರು.

"ಮುಟ್ಟಬೇಡ ತಂಗೀ. ಕಲ್ಲು ಬೇಕಾದಷ್ಟು ಸಿಗ್ತದೆ. ಅವ ಕೂತ ಜಾಗ ಸಿಗುವುದಿಲ್ಲ."

ಆ ಪದವು ಕೆಂಪುಕಲ್ಲು ಕಡಿದು ತೆಗೆಯುವ ಕೋರೆಗೆ ಹೋಗುವುದರಲ್ಲಿತ್ತು. ಅಟೆಂಡರಣ್ಣ ಬಸ್ಸು ಹತ್ತಿ ಕಾಲೇಜಿಗೆ ಹೋಗಿ, ಈಗಿನ ಲೆಕ್ಚರರನ್ನು ಹಿಡಿದು, ಅವರಿಂದ ಪುರಾತತ್ವ ಇಲಾಖೆಗೆ ಬರೆಸಿದರು. ಒಬ್ಬ ಆಫೀಸರು ಬಂದು ಕಣ್ಣಾರೆ ನೋಡುವುದು, ಹೌದಾದರೆ ಕೋರೆ ನಿಲ್ಲಿಸಲಿಕ್ಕೆ ಬರೆಯುವುದು ಅಂತ ಆಯಿತು. ದಿನ ಗೊತ್ತಾದ ಮೇಲೆ ಅಟೆಂಡರಣ್ಣನಿಗೆ ಊಟವೂ ಸರಿ ಸೇರುತ್ತಿರಲಿಲ್ಲ ಅಂತ ಅತ್ತಿಗೆ ನಗೆಯಾಡುತ್ತಿದ್ದರು.

ಆಫೀಸರು ಬರುವ ಹಿಂದಿನ ದಿನ ನಾನು ಪೋಸ್ಟು ಹಂಚಿ ಬರುವಾಗ ಪದವಿನ ಅಂಚಿನಲ್ಲಿ ಜೆಸಿಬಿ ನಿಂತಿತ್ತು. ನಾಳೆ ಬೆಳಿಗ್ಗೆ ಲಾರಿಗೆ ದಾರಿ ಮಾಡಲಿಕ್ಕೆ ಉಂಟು ಎಂದ ಡ್ರೈವರ್. ಅಟೆಂಡರಣ್ಣನಿಗೆ ಫೋನು ಮಾಡಿದೆ, ಅಲ್ಲಿ ರೇಂಜ್ ಇಲ್ಲ. ನನ್ನ ಬುದ್ಧಿ ಎಲ್ಲಿ ಮೇಯಲಿಕ್ಕೆ ಹೋಗಿತ್ತೋ, ಖಾಲಿಯಾದ ಅಂಚೆ ಚೀಲವನ್ನು ಬಿಡಿಸಿ ಒಂದೊಂದೇ ಚೂರು ಹೆಕ್ಕಿ ತುಂಬಿಸಿದೆ. ಬೆಂಕಿ ಬಿದ್ದ ಮನೆಯಿಂದ ಸಾಮಾನು ಹೊರಗೆ ಹಾಕುವವರ ಅವಸರ ನನ್ನದು. ಸಂಜೆಯಾಗುವಾಗ ನೆಲದಲ್ಲಿ ಒಂದು ಚೂರೂ ಇರಲಿಲ್ಲ. ಅಂಚೆ ಇಲಾಖೆಯ ಚೀಲ, ಡ್ಯೂಟಿಯ ಹೊತ್ತು, ಮುಟ್ಟಬೇಡ ಎಂದ ಮಾತು, ಒಂದೂ ತಲೆಗೆ ಬರಲಿಲ್ಲ. ಮನೆ ಮುಟ್ಟಿದ ಮೇಲೆ ಫೋನು ಮಾಡಬಹುದಿತ್ತು. ನಾಳೆ ಎಲ್ಲರೆದುರು ಚೀಲ ಕೊಟ್ಟು ಭೇಷ್ ಅನ್ನಿಸಿಕೊಳ್ಳುವ ಆಸೆ ನನಗೆ.

ಮರುದಿನ ಬೆಳಿಗ್ಗೆ ಜೀಪು ಬಂತು. ಜೆಸಿಬಿ ನಿಂತಲ್ಲೇ ಇತ್ತು, ಅದರ ಡ್ರೈವರ್ ಇನ್ನೂ ಬಂದಿರಲೇ ಇಲ್ಲ. ಅಟೆಂಡರಣ್ಣ ಮುಂದೆ, ಹಿಂದೆ ಆಫೀಸರು ಮತ್ತು ಲೆಕ್ಚರರು. ಜಾಗಕ್ಕೆ ಬಂದು ಅಟೆಂಡರಣ್ಣ ನೆಲ ನೋಡಿದರು, ಆಮೇಲೆ ನನ್ನನ್ನು, ನನ್ನ ಕೈಯ ಚೀಲವನ್ನು. ಅವರ ಮುಖ ಕಂಡೇ ನನಗೆ ನಾನು ಮಾಡಿದ್ದು ಎಂತದ್ದು ಅಂತ ಗೊತ್ತಾದದ್ದು. ಯಾರು ತೆಗೆದದ್ದು ಅಂತ ಆಫೀಸರು ಮಲಯಾಳದಲ್ಲಿ ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅಟೆಂಡರಣ್ಣ ಎರಡು ಹೆಜ್ಜೆ ಮುಂದೆ ಬಂದು ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡರು. ಅಂಚೆಯ ಅಕ್ಷರ ಇದ್ದ ಬದಿಯನ್ನು ಹೊಟ್ಟೆಗೆ ಒತ್ತಿ ಹಿಡಿದರು.

"ನಾನೇ ಹೆಕ್ಕಿದ್ದು," ಎಂದರು. "ಇವಳು ಹೊತ್ತು ತಂದದ್ದು ಮಾತ್ರ."

ಆಫೀಸರು ಒಳ್ಳೆಯವರೇ. ಚೂರುಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಹತಾರಗಳೇ, ಸಂಶಯ ಇಲ್ಲ ಎಂದರು. ಆದರೆ ಒಂದೇ ಚೀಲದಲ್ಲಿ ತುಂಬಿಸಿ ತಂದದ್ದನ್ನು ಇದೇ ನೆಲದ್ದು ಅಂತ ಹೇಗೆ ಬರೆಯುವುದು ಎಂದು ಕೇಳಿದರು. ಅಟೆಂಡರಣ್ಣ ತಾನು ಬರೆದಿಟ್ಟ ಚಿತ್ರ ತೋರಿಸಿದರು. ಅದು ಸಾಲದು ಎಂದರು ಆಫೀಸರು. ಲೆಕ್ಚರರಿಗೆ ಅವಮಾನವಾಗಿತ್ತು, ಅವರು ಸುಮ್ಮನಿರಲಿಲ್ಲ.

"ಇಷ್ಟು ವರ್ಷ ಲ್ಯಾಬಿನಲ್ಲಿದ್ದು ಇಷ್ಟೂ ಗೊತ್ತಾಗಲಿಲ್ಲವಾ ನಿಮಗೆ? ಕಡೆಗೂ ಅಟೆಂಡರೇ ಆದಿರಿ."

ಅಟೆಂಡರಣ್ಣ ತಲೆ ತಗ್ಗಿಸಿ ನಿಂತಿದ್ದರು. ನಾನೂ ನಿಂತಿದ್ದೆ. ಊರೆಲ್ಲ ಹೆದರುವ ಈ ಬಾಯಿ ಆ ದಿನ ತೆರೆಯಲಿಲ್ಲ. ಕೆಲಸ ಹೋದರೆ ಮಕ್ಕಳ ಗತಿ ಏನು ಅನ್ನುವುದೊಂದೇ ತಲೆಯಲ್ಲಿ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವರು ಅವರು.

ಪದವು ಕೋರೆಗೆ ಹೋಯಿತು. ಈಗ ಅಲ್ಲಿ ನೀರು ನಿಂತ ಹೊಂಡ ಉಂಟು. ಕಾಲೇಜಿನವರು ಆ ವರ್ಷ ಮಕ್ಕಳನ್ನು ಕರೆತರಲಿಲ್ಲ, ಮರುವರ್ಷವೂ ಇಲ್ಲ. ಅಟೆಂಡರಣ್ಣ ನನಗೆ ಒಂದು ಮಾತೂ ಅನ್ನದೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡರು. ಆ ಚೂರುಗಳನ್ನು ಗೋಣಿಯ ಮೇಲೆ ಹರವಿ, ಚಕ್ಕೆಗಳನ್ನು ಉಂಡೆಗೆ ಹೊಂದಿಸಿ ಹೊಂದಿಸಿ ನೋಡುತ್ತ ಕೂರುತ್ತಿದ್ದರು. ಇದು ಕಾಸರಕನ ಮರದ ಬದಿಯದ್ದಾ, ಸ್ವಲ್ಪ ನೆನಪು ಮಾಡು ತಂಗೀ ಎನ್ನುವರು. ಹೆಕ್ಕುವ ಭರದಲ್ಲಿ ನಾನು ನೋಡಿದ್ದರಲ್ಲವಾ ನೆನಪಾಗುವುದು. ಗೊತ್ತಿಲ್ಲ ಎನ್ನುತ್ತಿದ್ದೆ. ಇರಲಿ ಎನ್ನುತ್ತಿದ್ದರು.

ಎರಡು ವರ್ಷ ಕಳೆದು ನನ್ನ ಕೆಲಸ ಕಾಯಂ ಆಯಿತು. ಮೊದಲ ಲಡ್ಡು ಕೊಟ್ಟದ್ದು ಅವರ ಕೈಗೇ. ಆಗಲಾದರೂ ಕಾಲೇಜಿಗೆ ನಾಲ್ಕು ಸಾಲು ಬರೆಯಬಹುದಿತ್ತು. ಊರಿನವರ ಕಾಗದ ಮನೆಮನೆಗೆ ಮುಟ್ಟಿಸುವವಳು ನಾನು, ಆ ಒಂದು ಕಾಗದ ಬರೆಯಲಿಲ್ಲ. ನಾಚಿಕೆಯಾಗುತ್ತಿತ್ತು. ಹಳೆಯದನ್ನು ಯಾಕೆ ಕೆದಕುವುದು, ಅವರೇ ಮರೆತಿದ್ದಾರೆ ಅಂತ ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುತ್ತಲೇ ವರ್ಷಗಳು ಹೋದವು.

ಕಳೆದ ಮಳೆಗಾಲದಲ್ಲಿ ಅವರಿಗೆ ಉಸಿರಾಟ ಕಷ್ಟವಾಯಿತು. ಲ್ಯಾಬಿನ ಕಲ್ಲಿನ ಹುಡಿ ಒಳಗೆ ಹೋಗಿ ಕೂತದ್ದಿರಬೇಕು ಎಂದರು ಡಾಕ್ಟರು. ಮಂಗಳೂರಿನ ಆಸ್ಪತ್ರೆಯವರು ಇನ್ನು ಮನೆಗೆ ಕರಕೊಂಡು ಹೋಗಿ ಎಂದರು. ನಾನು ಹೋದಾಗ ಅವರಿಗೆ ಮಾತಾಡಲಿಕ್ಕೆ ಆಗುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮಳೆಯ ಸುದ್ದಿ, ಮಕ್ಕಳ ಸುದ್ದಿ, ಊರಿನವರ ಸುದ್ದಿ ಎಲ್ಲ ಹೇಳಿದೆ. ಹೇಳಬೇಕಾದದ್ದನ್ನು ಹೇಳಲಿಲ್ಲ. ಎರಡು ದಿನದಲ್ಲಿ ಅವರು ತೀರಿಕೊಂಡರು.

ಹದಿಮೂರನೇ ದಿನದ ಉತ್ತರಕ್ರಿಯೆ, ಬೊಜ್ಜ, ಕಳೆದ ಮೇಲೆ ಕಾಗದ ಬರೆದೆ. ಹೆಕ್ಕಿದ್ದು ನಾನು, ಅವರಲ್ಲ, ಅವರು ಮುಟ್ಟಬೇಡ ಅಂತಲೇ ಹೇಳಿದ್ದರು, ನನ್ನ ಕೆಲಸ ಉಳಿಸಲಿಕ್ಕೆ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡರು ಅಂತ. ಕಾಲೇಜಿಗೆ ರಿಜಿಸ್ಟರ್ ಮಾಡುವ ಮೊದಲು ಅತ್ತಿಗೆಗೆ ಓದಿ ಹೇಳಲಿಕ್ಕೆ ಹೋದೆ. ಓದುತ್ತ ಓದುತ್ತ ಅತ್ತುಬಿಟ್ಟೆ. ಅತ್ತಿಗೆ ಅಳಲಿಲ್ಲ. ನನಗೆ ಗೊತ್ತುಂಟು, ಆ ದಿನವೇ ಬಂದು ಹೇಳಿದ್ದರು ಎಂದರು. ನನ್ನ ಮೇಲೆ ಸಿಟ್ಟು ಇತ್ತಾ ಅವರಿಗೆ ಅಂತ ಕೇಳಿದೆ.

"ಸಿಟ್ಟು ಎಂತದ್ದು. ನೀನು ಲಡ್ಡು ತಂದ ದಿನ, ಇನ್ನು ಹೆದರಿಕೆ ಇಲ್ಲ, ಇವಳು ಕಾಲೇಜಿಗೆ ಬರೆಯುತ್ತಾಳೆ ಅಂತ ಖುಷಿಯಲ್ಲಿದ್ದರು. ಆಮೇಲೆ ನಿನ್ನ ಸ್ಕೂಟರಿನ ಶಬ್ದ ಕೇಳಿದರೆ ಸಾಕು, ಎದ್ದು ಅಂಗಿ ಹಾಕಿಕೊಳ್ಳುವರು. ಇವಳ ಜೊತೆ ಕಾಲೇಜಿನವರು ಬಂದರೂ ಬಂದಾರು ಅಂತ."

ನಾನು ಹೋದಾಗಲೆಲ್ಲ ಅವರು ಅಂಗಿಯ ಗುಂಡಿ ಹಾಕುತ್ತಲೇ ಹೊರಗೆ ಬರುತ್ತಿದ್ದದ್ದು ನನಗೆ ಗೊತ್ತಿತ್ತು. ಹೆಂಗಸು ಬಂದಳು ಅಂತ ಮರ್ಯಾದೆಗೆ ಇರಬೇಕು ಅಂದುಕೊಂಡಿದ್ದೆ.