ಒಬ್ಬಳಿಗಾಗಿ ನಾಲ್ಕು ಚೆಂಡು

ಮಧುಗಿರಿಯ ನಮ್ಮ ಕಾಲೇಜಿನ ಬೇಸ್‌ಬಾಲ್ ತಂಡದಲ್ಲಿ ಎಡಗೈಯಲ್ಲಿ ಚೆಂಡೆಸೆಯುವವಳು ನಾನೊಬ್ಬಳೇ. ಬಲಗೈಗೆ ಹಾಕುವ ಗ್ಲೌಸ್ ಇದ್ದದ್ದೂ ಒಂದೇ, ಅದು ನನ್ನದು. ಪಂದ್ಯದ ಮಧ್ಯೆ ಬರುವುದು, ಎದುರಾಳಿಗಳ ಎಡಗೈ ಬ್ಯಾಟಿನವಳನ್ನು ಔಟ್ ಮಾಡುವುದು, ಹೋಗಿ ಕೂರುವುದು. ಇಷ್ಟೇ ನನ್ನ ಕೆಲಸ. ಎಡಗೈಯವರಿಗೆ ನನ್ನ ಚೆಂಡು ಬೆನ್ನ ಹಿಂದಿನಿಂದ ಬಂದಂತೆ ಕಾಣುತ್ತದೆ. ಮೈಗೆ ಬಡಿಯಿತು ಅಂದುಕೊಳ್ಳುವಷ್ಟರಲ್ಲಿ ಆಚೆ ತಿರುಗಿ ಹೋಗಿರುತ್ತದೆ. ಬಲಗೈಯವರು ಅದನ್ನೇ ಆರಾಮಾಗಿ ಚಚ್ಚುತ್ತಾರೆ, ಸುಳ್ಳು ಯಾಕೆ ಹೇಳಲಿ.

ಇಷ್ಟನ್ನೂ ಅಮ್ಮನಿಗೆ ವಿವರಿಸಿದರೆ ಅವಳ ಕಿವಿಗೆ ಬಿದ್ದದ್ದು 'ಹೋಗಿ ಕೂರುವುದು' ಎಂಬುದಷ್ಟೇ. "ಬೆಂಚ್ ಮ್ಯಾಲೆ ಕೂರಕ್ಕೆ ಶಿರಾಗಂಟ ಹೋಗ್ಬೇಕಾ? ನಾನೇ ಬಂದು ನೋಡ್ತೀನಿ. ಸರಿ ಕಾಣ್ಲಿಲ್ಲ ಅಂದ್ರೆ ಇವತ್ತಿಗೇ ಬುಟ್ಬುಡು" ಎಂದು ನನ್ನ ಜೊತೆಗೇ ಬಸ್ ಹತ್ತಿದಳು. ಅವಳು ಹೇಳಿದರೆ ಹೇಳಿದ ಹಾಗೇ.

ಐದನೇ ಸುತ್ತಿನಲ್ಲಿ ನಾವು ಒಂದೇ ರನ್ ಮುಂದಿದ್ದೆವು. ಶಿರಾ ತಂಡದ ಇಬ್ಬರು ಬೇಸ್‌ಗಳ ಮೇಲೆ ಓಡಲು ಕಾದು ನಿಂತಿದ್ದರು. ಅವರ ಎತ್ತರದ ಎಡಗೈ ಹುಡುಗಿ ಬ್ಯಾಟ್ ಬೀಸುತ್ತ ಬಂದಳು. ನಮಗೆ ಆಟ ಕಲಿಸುವ ಮೇಷ್ಟ್ರು ನನ್ನನ್ನು ಕರೆದರು. ನಾಲ್ಕು ಚೆಂಡು ಎಸೆದೆ. ಮೂರನೆಯದು ಹೊರಗೆ ಹೋಯಿತು, ಉಳಿದ ಮೂರಕ್ಕೂ ಅವಳು ಗಾಳಿಗೆ ಬೀಸಿದಳು. ಮೂರು ಸಲ ತಪ್ಪಿತೆಂದರೆ ಔಟ್! ಮೇಷ್ಟ್ರು ನನ್ನ ಕೈಯಿಂದ ಚೆಂಡು ತೆಗೆದುಕೊಂಡು ಬಲಗೈ ಹುಡುಗಿಗೆ ಕೊಟ್ಟರು.

ಅಮ್ಮ ಮರದ ನೆರಳಿನಿಂದ ಎದ್ದು ನೇರ ಅವರ ಹತ್ತಿರ ಬಂದಳು. "ಏನ್ ಸಾ ಇದು? ಔಟ್ ಮಾಡಿದ ಹುಡ್ಗೀನೇ ಕಳಿಸ್ಬುಟ್ರಲ್ಲ!"

"ಮುಂದ್ಲವಳು ಬಲಗೈಯವಳು ಕಣಮ್ಮ. ಆ ಉದ್ದನೆ ಹುಡ್ಗಿ ಒಬ್ಬಳಿಗೋಸ್ಕರಾನೇ ನಿಮ್ಮ ಮಗಳ್ನ ಇಟ್ಕೊಂಡಿದ್ದು. ಬೇರೆ ಯಾರ ಕೈಲೂ ಆಗ್ತಿರ್ಲಿಲ್ಲ" ಎಂದರು ಮೇಷ್ಟ್ರು.

ಅಮ್ಮ ಮರದ ಕೆಳಗೆ ಮತ್ತೆ ಹೋಗಲಿಲ್ಲ. ಬೆಂಚಿನ ಮೇಲೆ ನನ್ನ ಪಕ್ಕ ಕೂತಳು.

ಕೊನೆಯ ಸುತ್ತಿನಲ್ಲಿಯೂ ಒಂದೇ ರನ್ ಅಂತರ, ಇನ್ನೊಬ್ಬರು ಔಟಾದರೆ ನಾವು ಗೆದ್ದಂತೆ. ಬೇಸ್‌ಗಳ ಮೇಲೆ ಮತ್ತೆ ಇಬ್ಬರು. ಬಂದವಳು ಅದೇ ಹುಡುಗಿ. ಅಮ್ಮ ನನ್ನ ಭುಜ ಹಿಡಿದು ಅಲುಗಿಸಿದಳು. "ಲೇ, ಅವ್ಳೇ ಕಣೇ! ಏಳು, ಹೋಗು!"

"ಒಂದ್ಸಲ ಆಚೆ ಬಂದ್ರೆ ಮತ್ತೆ ಇಳಿಯಂಗಿಲ್ಲಮ್ಮ."

"ಯಾವನ್ ಮಾಡಿದ್ದು ಈ ರೂಲ್ಸು?"

ಬೆಂಚಿಗೆ ಬೆಂಚೇ ನಕ್ಕಿತು. ಆ ನಗು ನಿಲ್ಲುವ ಮೊದಲೇ ಉದ್ದನೆ ಹುಡುಗಿ ಚೆಂಡನ್ನು ಮೈದಾನದ ಆ ತುದಿಗೆ ಹೊಡೆದಳು. ಬೇಸ್‌ಗಳ ಮೇಲಿದ್ದ ಇಬ್ಬರೂ ಓಡಿ ಬಂದು ಎರಡು ರನ್ ಮಾಡಿದರು. ನಾವು ಸೋತೆವು.

ಸೋತ ಬೇಸರ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ಹುಡುಗಿಯನ್ನು ಅವತ್ತು ಔಟ್ ಮಾಡಿದವಳು ನಾನೊಬ್ಬಳೇ ಎಂಬ ಹೆಮ್ಮೆಗೆ ಎದೆ ಉಬ್ಬಿತ್ತು. ಎಲ್ಲರೂ ಬ್ಯಾಗು ಕಟ್ಟುತ್ತಿದ್ದಾಗ ಅಮ್ಮ ಮೇಷ್ಟ್ರ ಕಡೆ ಹೊರಟಳು. ನನ್ನ ಆಟ ಇಲ್ಲಿಗೆ ಮುಗಿಯಿತು ಅಂದುಕೊಂಡೆ.

"ಸಾ, ಮುಂದಿನ್ ಮ್ಯಾಚಲ್ಲಿ ಆತ್ರ ಬೀಳ್ಬ್ಯಾಡಿ" ಎಂದಳು. "ಇವಳ್ನ ಕೊನೇಗೆ ಮಡಿಕ್ಕಳಿ. ಎಷ್ಟೊತ್ತಾದ್ರೂ ಕೂತಿರ್ತಾಳೆ."