ಮೂಲೆಮನೆ ಅಕ್ಕನ ಮೊಳಕೆ ರಾಗಿ

ಕಳೆದ ತಿಂಗಳು ಬೆಂಗಳೂರಿನಲ್ಲಿ ಮಗಳು ಒಂದು ಒದ್ದೆ ಬಟ್ಟೆಯ ಗಂಟನ್ನು ತಂದು ನನ್ನ ಮೂಗಿಗೆ ಹಿಡಿದಳು. ಒಳಗೆ ಮೊಳಕೆ ರಾಗಿ. ಸ್ವಲ್ಪ ಹುಳಿ, ಸ್ವಲ್ಪ ಸಿಹಿ, ಜೊತೆಗೆ ಹಸಿಮಣ್ಣಿನ ವಾಸನೆ. ಸರಿಯಾಗಿ ಬಂದಿದೆಯಾ ಅಂತ ಅವಳು ಕೇಳುತ್ತಲೇ ಇದ್ದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬಾಗಿಲಿಗೆ ಹೋದೆ, ವಾಪಸ್ ಬಂದೆ, ಕೂತೆ, ಮತ್ತೆ ಎದ್ದೆ.

ನನ್ನ ಮಗಳು ಬಿಯರ್ ಮಾಡುತ್ತಾಳೆ. ಹೌದು, ಅದೇ ಅವಳ ಉದ್ಯೋಗ. ನಂಜನಗೂಡಿನಲ್ಲಿ ನೆಂಟರು ಕೇಳಿದರೆ 'ಯಾವುದೋ ಫ್ಯಾಕ್ಟ್ರಿ' ಅಂತ ಹೇಳಿ ಮಾತು ತೇಲಿಸುತ್ತೇನೆ. ಇಲ್ಲಿಯದೇ ಬಿಯರ್ ಎಲ್ಲಿ ಕುಡಿಯಬೇಕು ಅಂತ ರಾಜಧಾನಿಗೆ ಬಂದವರು ಕೇಳಿದರೆ ಇಂದಿರಾನಗರ, ಕೋರಮಂಗಲದ ಕಡೆ ನಾಲ್ಕಾರು ಜಾಗ ತೋರಿಸುತ್ತಾರಂತೆ. ಅದರಲ್ಲಿ ಇವಳದೂ ಒಂದು. ಆ ದಿನ ನನ್ನನ್ನು ಬೇರೆ ಎರಡು ಕಡೆ ಸುತ್ತಿಸಿ ಆಮೇಲೆ ತನ್ನ ಅಂಗಡಿಗೆ ಕರೆತಂದಿದ್ದಳು. ಒಂದು ಕಡೆ ಮಾವಿನಹಣ್ಣಿನ ಬಿಯರು, ಇನ್ನೊಂದು ಕಡೆ ಕಾಫಿಯದು. ಒಂದೊಂದು ಗುಟುಕಿಗೇ ನಾನು ಮುಖ ಕಿವುಚಿದ್ದೆ. ಅವೆಲ್ಲ ಬರೀ ಶೋಕಿ, ನಮ್ಮ ನೆಲದ ರುಚಿ ಅಂದರೆ ತನ್ನ ರಾಗಿಯದು ಅಂತ ಕೊಚ್ಚಿಕೊಂಡಳು. ಆದರೆ ಬಿಯರಿಗೆ ಮೊದಲು ರಾಗಿಗೆ ಮೊಳಕೆ ಬರಿಸಬೇಕಂತೆ, ಅದು ಮಾತ್ರ ಒಂದೇ ಸಮ ಬರುತ್ತಿರಲಿಲ್ಲವಂತೆ.

ಒಂದೇ ಸಮ ಮೊಳಕೆ ತರಿಸುತ್ತಿದ್ದವರು ನಮ್ಮ ಮೂಲೆಮನೆ ಅಕ್ಕ...

ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ನಾನು ನಂಜನಗೂಡಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು, ಮಗಳಿಗೆ ಏಳು ತಿಂಗಳು. ಬೀದಿಯ ಮೂಲೆಯಲ್ಲಿ ಒಬ್ಬರೇ ಇದ್ದ ಆಕೆಯನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ಕೊರಳಲ್ಲಿ ಲಿಂಗ, ಹಣೆಗೆ ಮೂರು ಬೆರಳಿನ ವಿಭೂತಿ. ಬೀದಿಯ ಕೂಸುಗಳಿಗೆಲ್ಲ ರಾಗಿ ಸರಿಯ ಹಿಟ್ಟು ಅವರ ಮನೆಯಿಂದಲೇ ಬರಬೇಕು. ಅವರ ಹೊಟ್ಟೆಪಾಡೂ ಅದೇ. ರಾಗಿ ನೆನೆಸಿ, ಹಳೇ ಪಂಚೆಯ ತುಂಡಿನಲ್ಲಿ ಬಿಗಿಯಾಗಿ ಗಂಟು ಕಟ್ಟಿ, ಮೇಲೆ ಗುಂಡುಕಲ್ಲು ಹೇರುತ್ತಿದ್ದರು. ಮೂರನೆಯ ದಿನ ಬಿಚ್ಚುವ ಮುಂಚೆ ಗಂಟನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ನಿಲ್ಲುವರು. ಸರಿ ಅನ್ನಿಸಿದರೆ ಬಿಸಿಲಿಗೆ, ಇಲ್ಲದಿದ್ದರೆ ಮತ್ತೆ ಕಲ್ಲಿನ ಕೆಳಗೆ. ಯಾವ ಟಾನಿಕ್ ಕೊಟ್ಟರೂ ಸೊರಗಿಯೇ ಇದ್ದ ನನ್ನ ಮಗಳು ಆ ಹಿಟ್ಟು ತಿಂದು ಎರಡೇ ತಿಂಗಳಲ್ಲಿ ಮೈತುಂಬಿಕೊಂಡಳು.

ಆ ವರ್ಷ ಒಂದು ವಾರ ಬಿಸಿಲೇ ಬರಲಿಲ್ಲ. ಬಿಚ್ಚಿ ಹರಡಿದ ಮೊಳಕೆ ಒಣಗದೆ ಹುಳಿಯಿತು. ವಾಸನೆ ಬೀದಿಗೆಲ್ಲ ಹಬ್ಬಿತು. ನಲ್ಲಿಯ ಹತ್ತಿರ ಯಾರೋ, ಇದೇನು ನಾತ ಅಂದರು. ನನ್ನ ಬಾಯಿಗಿಷ್ಟು ಮಣ್ಣು ಹಾಕ! "ಅಕ್ಕ ಒಳಗೆ ಸಾರಾಯಿ ಕಾಯಿಸ್ತಾವ್ರೆ ಕಣ್ರೀ," ಅಂದೆ. ಕೊಡ ಇಟ್ಟುಕೊಂಡು ನಿಂತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅಲ್ಲಿಯವರೆಗೆ ನನ್ನ ಮಾತಿಗೆ ಆ ಬೀದಿಯಲ್ಲಿ ಯಾರೂ ನಕ್ಕಿರಲಿಲ್ಲ. ನನಗೆ ಕೋಡು ಮೂಡಿದಂತಾಯಿತು.

ಸಂಜೆಯ ಹೊತ್ತಿಗೆ ತಮಾಷೆ ಸುದ್ದಿಯಾಯಿತು. ಮಠಕ್ಕೆ ನಡೆದುಕೊಳ್ಳುವ ಇಬ್ಬರು ಹಿರಿಯರು ಹೋಗಿ ನೋಡಿದರು. ರಾಗಿ ನೆನೆಹಾಕಿ ನೊರೆಯೆದ್ದ ಪಾತ್ರೆ, ಒದ್ದೆ ಗಂಟುಗಳು, ಆ ವಾಸನೆ. ಅವರಿಗೆ ಇನ್ನೇನು ಬೇಕು? ಮರುದಿನದಿಂದ ಒಂದೊಂದೇ ಮನೆ ಹಿಟ್ಟು ಬಿಟ್ಟಿತು. ನಮ್ಮ ಅತ್ತೆ ಡಬ್ಬದಲ್ಲಿ ಉಳಿದಿದ್ದನ್ನು ಹಸುವಿಗೆ ಹಾಕಿದರು.

ನಾಲ್ಕನೆಯ ದಿನ ಅಕ್ಕ ನಮ್ಮ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ.

"ನಿನ್ ಕೂಸ್ಗೂ ಇದೇ ಇಟ್ಟು ತಾನೆ ತಿನ್ಸಿರಾದು? ಬೀದೀಲಿ ಒಂದ್ ಮಾತು ಹೇಳ್ಬುಡವ್ವ, ಸಾಕು."

ಪಕ್ಕದಲ್ಲಿ ಅತ್ತೆ ನಿಂತಿದ್ದರು. ನಾನು ನೆಲ ನೋಡುತ್ತಾ ನಿಂತೆ. ತಮಾಷೆ ಹುಟ್ಟಿದ್ದು ನನ್ನ ಬಾಯಿಂದ ಅಂತ ಅಕ್ಕನಿಗೆ ಗೊತ್ತಿತ್ತೋ ಇಲ್ಲವೋ... ಗೊತ್ತಿದ್ದೇ ನನ್ನ ಹತ್ತಿರ ಬಂದರೇನೋ. ಇವತ್ತಿಗೂ ಅದು ನನ್ನನ್ನು ಕೊರೆಯುತ್ತದೆ. ಅಕ್ಕ ನನ್ನ ಕಂಕುಳಲ್ಲಿದ್ದ ಮಗಳ ಕೆನ್ನೆ ಮುಟ್ಟಿ ಹೊರಟುಹೋದರು.

ತಿಂಗಳೊಳಗೆ ಮನೆ ಖಾಲಿ ಮಾಡಿ ಸೋಸಲೆಯಲ್ಲಿದ್ದ ತಂಗಿಯ ಮನೆಗೆ ಹೋದರು. ಬೀಸುವ ಕಲ್ಲನ್ನು ಬಿಟ್ಟು ಹೋಗಿದ್ದರು. ಮಗಳು ಶಾಲೆಗೆ ಸೇರಿದ ವರ್ಷ ನಾನು ಮನಸ್ಸು ಗಟ್ಟಿ ಮಾಡಿಕೊಂಡು ತಿ. ನರಸೀಪುರದವರೆಗೆ ಹೋದೆ. ಸ್ಟ್ಯಾಂಡಿನಲ್ಲಿ ಸೋಸಲೆಯ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಅಲ್ಲೇ ಅತ್ತಿಂದಿತ್ತ ತಿರುಗಾಡಿ, ಅಕ್ಕನಿಗೆಂದು ಕೊಂಡಿದ್ದ ಬಾಳೆಹಣ್ಣನ್ನು ಮಡಿಲಲ್ಲಿಟ್ಟುಕೊಂಡು ನಂಜನಗೂಡಿನ ಬಸ್ಸು ಹತ್ತಿದೆ. ಮುಂದಿನ ವರ್ಷ ಅವರು ತೀರಿಹೋದ ಸುದ್ದಿ ಬಂತು.

ಇದರಲ್ಲಿ ಅರ್ಧವನ್ನು ಮಾತ್ರ ಆ ದಿನ ಅಂಗಡಿಯಲ್ಲಿ ಮಗಳಿಗೆ ಹೇಳಿದೆ. ಪಂಚೆಯ ತುಂಡು, ಗುಂಡುಕಲ್ಲು, ಅವಳು ಮೈತುಂಬಿಕೊಂಡದ್ದು. ನಲ್ಲಿಯ ಸುದ್ದಿ ಎತ್ತಲಿಲ್ಲ. ಅವಳ ಕಣ್ಣು ತುಂಬಿತು. ಎದ್ದವಳೇ ಸೀಮೆಸುಣ್ಣ ತೆಗೆದುಕೊಂಡು, ಗಿರಾಕಿಗಳಿಗೆಂದು ಇಟ್ಟಿದ್ದ ಕರಿಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಳು: ಮೂಲೆಮನೆ ಅಕ್ಕ, ರಾಗಿ ಬಿಯರ್.

"ಯಾರಿಗೂ ಗೊತ್ತಿಲ್ದೆ ಹೋಗ್ಬಿಟ್ರಲ್ಲಮ್ಮ. ಇನ್ಮೇಲೆ ಎಲ್ರೂ ಅವರ ಹೆಸರು ಹೇಳಿ ಕುಡೀತಾರೆ."

ನಾನು ಹೇಗೆ ಎದ್ದೆನೋ ಗೊತ್ತಿಲ್ಲ. ಸೆರಗಿನಿಂದ ಹಲಗೆಯನ್ನು ಒರೆಸಿಬಿಟ್ಟೆ. ಗ್ಲಾಸು ಹಿಡಿದಿದ್ದ ನಾಲ್ಕು ಜನ ತಿರುಗಿ ನೋಡಿದರು.

"ಬೇಡ ಕಣೇ. ಒಂದ್ಸಲ ಅವರ ಹೆಸರಿಗೆ ಹೆಂಡ ಮೆತ್ತಿದ್ದು ಸಾಕು. ಮೆತ್ತಿದವಳು ನಾನೇ."

ಉಳಿದರ್ಧವನ್ನು ಅಲ್ಲೇ ನಿಂತು ಹೇಳಿದೆ. ಮಗಳು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು. ಅಕ್ಕ ನನ್ನನ್ನು ಕೇಳಿದ್ದು ಒಂದೇ ಒಂದು ಮಾತು. ಅದನ್ನು ಕೊನೆಗೂ ಹೇಳಿದೆ, ಬೆಂಗಳೂರಿನ ಬಿಯರ್ ಅಂಗಡಿಯಲ್ಲಿ, ಅಕ್ಕನ ಮುಖವನ್ನೇ ನೋಡದವರ ಮುಂದೆ.